ಆ ಕಡತ ಎಲ್ಲಿದೆ ರೀ?

"ಆ ಕಡತ ಎಲ್ಲಿದೆ ರೀ?" ತಾಲ್ಲೂಕು ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ಗುಮಾಸ್ತರ, ಅಂದರೆ ವಿಷಯ ನಿರ್ವಾಹಕರ ಕಿವಿಗೆ ದಿನಕ್ಕೆ ನಾಲ್ಕಾರು ಸಲ ಬೀಳುವ ಪ್ರಶ್ನೆ. ಕೇಳುವವರು ಶಿರಸ್ತೇದಾರರು. ಅವರ ಹಿಂದೆ ತಹಶೀಲ್ದಾರರು ಕಾಯುತ್ತಿರುತ್ತಾರೆ, ತಹಶೀಲ್ದಾರರಿಗೆ ಉಪವಿಭಾಗಾಧಿಕಾರಿ ಕಚೇರಿಯಿಂದ ಫೋನ್ ಬಂದಿರುತ್ತದೆ. ಒಂದು ನಿಮಿಷದೊಳಗೆ ಕಡತ ಕೈಗೆ ಬಂದರೆ ಮಾತು ಅಲ್ಲಿಗೇ ಮುಗಿಯಿತು. ಐದು ನಿಮಿಷ ಹುಡುಕಿದರೆ ದನಿ ಏರುತ್ತದೆ. ಹತ್ತು ನಿಮಿಷವಾಯಿತೆಂದರೆ ಎದುರು ನಿಂತ ರೈತರ ಮುಂದೆಯೇ "ನಿಮ್ಮ ಟೇಬಲ್ ನೋಡ್ರೀ, ಸಂತೆ ಆದಂಗಿದೆ" ಎಂಬ ಮಾತು ಬರುತ್ತದೆ. ಕೆಲಸದ ಬಗ್ಗೆ ಶುರುವಾದ ಮಾತು ಮನುಷ್ಯನ ಮೇಲೆ ಹೊರಳುವುದು ಹೀಗೆ. ಮೇಜಿನ ಅಚ್ಚುಕಟ್ಟು, ಮೇಲಿನವರ ಟೀಕೆ ಎರಡನ್ನೂ ಒಟ್ಟಿಗೇ ಬರೆಯುತ್ತಿರುವುದು ಅದಕ್ಕೇ. ಬೈಗುಳದಲ್ಲಿ ದೊಡ್ಡ ಪಾಲು ಹುಟ್ಟುವುದು ಮೇಜಿನ ಮೇಲೆ.

ಹೊಸದಾಗಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆಗಿ ಸೇರಿದವರಿಗೆ ತರಬೇತಿಯಲ್ಲಿ ಸೇವಾ ನಿಯಮ, ಟಿಪ್ಪಣಿ ಬರೆಯುವ ಕ್ರಮ ಹೇಳಿಕೊಡುತ್ತಾರೆ. ಕಾಗದ ಕಾಣೆಯಾಗುವುದು ಹೇಗೆ ಎಂದು ಹೇಳಿಕೊಡುವವರು ಕಡಿಮೆ. ಅಲ್ಲಿಂದಲೇ ಶುರು ಮಾಡೋಣ.

ಕಾಣೆಯಾದ ಕಾಗದ ಹೆಚ್ಚಾಗಿ ಇನ್ನೊಂದು ಕಡತದೊಳಗೆ ಇರುತ್ತದೆ. ಜೆಮ್ ಕ್ಲಿಪ್ ಹಾಕಿದ ಅರ್ಜಿಯನ್ನು ಇನ್ನೊಂದರ ಮೇಲೆ ಇಟ್ಟು ಸ್ವಲ್ಪ ಸರಿಸಿದರೆ ಸಾಕು, ಕ್ಲಿಪ್ಪಿನ ಬಾಯಿ ಕೆಳಗಿನ ಹಾಳೆಯನ್ನು ಕಚ್ಚಿಕೊಳ್ಳುತ್ತದೆ. ಗುಂಡುಪಿನ್ನಿನ ಚೂಪು ತುದಿಯೂ ಅಷ್ಟೇ, ಕೆಳಗಿನ ಅರ್ಜಿಗೆ ಚುಚ್ಚಿಕೊಂಡು ಅದನ್ನೂ ಎಳೆದುಕೊಂಡು ಹೋಗುತ್ತದೆ. ನಾವು ಒಂದು ಅರ್ಜಿ ಎತ್ತಿ ಕಡತಕ್ಕೆ ಸೇರಿಸಿದೆವು ಅಂದುಕೊಳ್ಳುತ್ತೇವೆ, ಸೇರಿದ್ದು ಎರಡು. ಆಮೇಲೆ ಆ ಕಡತ ಸರ್ವೆ ಶಾಖೆಗೋ ಮೇಲಿನ ಕಚೇರಿಗೋ ಹೋಗಿಬಿಟ್ಟರೆ ಎರಡನೆಯ ಅರ್ಜಿ ತಿಂಗಳುಗಟ್ಟಲೆ ಸಿಗುವುದಿಲ್ಲ. ಆದ್ದರಿಂದ ಕ್ಲಿಪ್ಪು, ಪಿನ್ನು ಏನಿದ್ದರೂ ಬೆಳಿಗ್ಗೆಯಿಂದ ಸಂಜೆವರೆಗೆ ಮಾತ್ರ. ಅವತ್ತು ಬಂದ ಟಪಾಲು ಅವತ್ತೇ ಟ್ಯಾಗಿಗೆ, ಅಂದರೆ ಹಾಳೆ ಪೋಣಿಸುವ ದಾರಕ್ಕೆ, ಬೀಳಬೇಕು. ಮಲೆನಾಡು, ಕರಾವಳಿಯ ಕಚೇರಿಗಳಲ್ಲಿ ಇನ್ನೂ ಒಂದು ಕಾರಣವಿದೆ: ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಿನ್ನು ತುಕ್ಕು ಹಿಡಿದು ಹಾಳೆಯನ್ನೇ ತಿನ್ನುತ್ತದೆ, ತುಕ್ಕಿನ ಕಲೆ ಬಿದ್ದ ಜಾಗದಲ್ಲಿ ಸರ್ವೆ ನಂಬರ್ ಇದ್ದರೆ ಓದಲು ಬರುವುದಿಲ್ಲ.

ಟ್ಯಾಗ್ ಹಾಕುವುದರಲ್ಲೂ ಕ್ರಮವಿದೆ. ಎಡ ಮೇಲ್ಮೂಲೆಯಲ್ಲಿ, ಎರಡೂ ಅಂಚಿನಿಂದ ಒಂದು ಇಂಚು ಒಳಗೆ ತೂತು. ಅಂಚಿಗೆ ತೀರಾ ಹತ್ತಿರವಾದರೆ ಹತ್ತು ಸಲ ಪುಟ ತಿರುಗಿಸುವಷ್ಟರಲ್ಲಿ ಹರಿಯುತ್ತದೆ. ಹಾಳೆ ಚಿಕ್ಕದಿದ್ದರೆ, ಅಂಚೆಯ ಸ್ವೀಕೃತಿ ಚೀಟಿ, ಚಲನ್ ಪ್ರತಿ ಇಂಥವು, ನೇರ ತೂತು ಹಾಕಬೇಡಿ. ಖಾಲಿ ಎ4 ಹಾಳೆಗೆ ಅಂಟಿಸಿ ಆ ಹಾಳೆಗೆ ತೂತು ಹಾಕಿ. ಮೂಲ ಕ್ರಯಪತ್ರ, ಮೂಲ ಜಾತಿ ಪ್ರಮಾಣಪತ್ರ ಬಂದರೆ ಒಂದು ಲಕೋಟೆಯೊಳಗೆ ಇಟ್ಟು, ಲಕೋಟೆಯ ಅಂಚಿಗೆ ತೂತು ಹಾಕಿ, ಒಳಗೆ ಏನೇನಿದೆ ಎಂದು ಮೇಲೆ ಬರೆಯಬೇಕು. ಟ್ಯಾಗಿಗೆ ಬಿದ್ದ ಕ್ಷಣವೇ ಪುಟಸಂಖ್ಯೆ. ಇದನ್ನು ಮುಂದಕ್ಕೆ ಹಾಕುವವರೇ ಜಾಸ್ತಿ. ಸಂಖ್ಯೆ ಇಲ್ಲದ ಕಡತದಿಂದ ಒಂದು ಹಾಳೆ ಹೋದರೆ ಹೋಗಿದೆ ಎಂದು ತೋರಿಸುವುದಕ್ಕೂ ದಾರಿಯಿಲ್ಲ, ಹೊಣೆ ನಿಮ್ಮ ಮೇಲೇ ಬರುತ್ತದೆ.

ಇನ್ನು ಮೇಜು. ಬಿಚ್ಚಿಟ್ಟ ಕಡತ ಒಂದು ಸಮಯಕ್ಕೆ ಒಂದೇ ಇರಬೇಕು. ಇದು ಹೇಳಲು ಸುಲಭ, ಪಾಲಿಸಲು ಕಷ್ಟ. ಟಿಪ್ಪಣಿ ಬರೆಯುತ್ತಿರುವಾಗಲೇ ಸಾಹೇಬರು ಕರೆಯುತ್ತಾರೆ, ಜನ ಬರುತ್ತಾರೆ. ಎದ್ದು ಹೋಗುವ ಮುಂಚೆ ಕಡತ ಮುಚ್ಚಿ, ಎಲ್ಲಿಗೆ ನಿಂತಿತ್ತು ಎಂದು ಒಂದು ಚೀಟಿಯಲ್ಲಿ ನಾಲ್ಕು ಪದ ಗೀಚಿ ಮೇಲೆ ಸಿಕ್ಕಿಸಿ. ಹಾಗೆ ಬಿಚ್ಚಿಟ್ಟು ಹೋದ ಕಡತದ ಮೇಲೆಯೇ ಇನ್ನೊಬ್ಬರು ಅರ್ಜಿ ಇಟ್ಟು ಹೋಗುವುದು, ಆ ಅರ್ಜಿ ಒಳಗೆ ಮುಚ್ಚಿಹೋಗುವುದು.

ಕಡತಗಳನ್ನು ಒಂದರ ಮೇಲೊಂದು ಪೇರಿಸುವ ಬದಲು ಪುಸ್ತಕದಂತೆ ನಿಲ್ಲಿಸಿ, ಸಂಖ್ಯೆ ಹೊರಕ್ಕೆ ಕಾಣುವಂತೆ. ಪೇರಿಸಿದ ರಾಶಿಯಲ್ಲಿ ಕೆಳಗಿನದು ಬೇಕೆಂದರೆ ಮೇಲಿನ ಹದಿನೈದು ಎತ್ತಬೇಕು, ಎತ್ತಿದ್ದನ್ನು ಅದೇ ಕ್ರಮದಲ್ಲಿ ಯಾರೂ ಮತ್ತೆ ಇಡುವುದಿಲ್ಲ. ಜಾಗ ಹಂಚುವಾಗ ವಿಷಯವಾರು ಹಂಚುವುದು ಸಾಮಾನ್ಯ ರೂಢಿ: ಪಹಣಿ ತಿದ್ದುಪಡಿ ಒಂದು ಕಡೆ, ಭೂಪರಿವರ್ತನೆ ಒಂದು ಕಡೆ, ಪಿಂಚಣಿ ಒಂದು ಕಡೆ. ನನ್ನ ಅಭಿಪ್ರಾಯ ಬೇರೆ. ಕಡತ ಯಾತಕ್ಕಾಗಿ ಕಾಯುತ್ತಿದೆ ಎಂಬುದರ ಮೇಲೆ ಹಂಚಬೇಕು. ಗ್ರಾಮ ಆಡಳಿತಾಧಿಕಾರಿ ಅಥವಾ ಆರ್‌ಐ (ರಾಜಸ್ವ ನಿರೀಕ್ಷಕ) ವರದಿಗೆ ಕಾಯುವವು ಒಂದು ಸಾಲು, ಹೋಬಳಿವಾರು. ಸರ್ವೆ ವರದಿಗೆ ಕಾಯುವವು ಇನ್ನೊಂದು. ವಿಚಾರಣೆ ದಿನಾಂಕಕ್ಕೆ ಕಾಯುವವು ದಿನಾಂಕದ ಕ್ರಮದಲ್ಲಿ. ಯಾವುದಕ್ಕೂ ಕಾಯದೆ ನಿಮ್ಮ ಟಿಪ್ಪಣಿಗೇ ಕಾಯುತ್ತಿರುವವು ಎಡಗೈ ಹತ್ತಿರ, ಕಣ್ಣಿಗೆ ಬೀಳುವಂತೆ. ಹೀಗೆ ಹಂಚಿದಾಗ ಆರ್‌ಐ ಸಾಹೇಬರು ಕಚೇರಿಗೆ ಬಂದ ದಿನ ಅವರ ಹೋಬಳಿಯ ಎಲ್ಲ ಬಾಕಿಯನ್ನೂ ಒಂದೇ ಸಲ ಮುಂದಿಡಬಹುದು. ವಿಷಯವಾರು ಇಟ್ಟರೆ ಅದೇ ಕೆಲಸಕ್ಕೆ ಅರ್ಧ ದಿನ ಬೇಕು.

ಪ್ರತಿ ಕಾಯುವ ಕಡತದ ಮೇಲೆ ಮೂರು ಬೆರಳಗಲದ ಚೀಟಿ: "ಸರ್ವೆ ವರದಿಗೆ, 12-06. ನೆನಪೋಲೆ 27-06." ಅಷ್ಟೇ. ಇದೇ ಮಾಹಿತಿ ನಿಮ್ಮ ವಹಿಯಲ್ಲೂ ಇರುತ್ತದೆ ನಿಜ, ಆದರೆ ಸಾಹೇಬರು ಎದುರು ನಿಂತಾಗ ವಹಿ ತಿರುವಿ ಹುಡುಕುವುದಕ್ಕೂ ಚೀಟಿ ನೋಡಿ ಓದುವುದಕ್ಕೂ ಬಹಳ ವ್ಯತ್ಯಾಸ.

ಗಡುವಿರುವ ಎರಡು ಬಗೆಯ ಕಾಗದ ಉಳಿದವುಗಳ ಜೊತೆ ಬೆರೆಯಲೇಬಾರದು. ಒಂದು ಮಾಹಿತಿ ಹಕ್ಕಿನ ಅರ್ಜಿ. 2005ರ ಅಧಿನಿಯಮದಂತೆ 30 ದಿನದೊಳಗೆ ಉತ್ತರ ಹೋಗಬೇಕು. ಮಾಹಿತಿ ಬೇರೆ ಕಚೇರಿಯದ್ದಾದರೆ 6(3)ನೇ ಕಲಮಿನಂತೆ 5 ದಿನದೊಳಗೆ ವರ್ಗಾಯಿಸಬೇಕು. ತಪ್ಪಿದರೆ ದಂಡ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಮೂವತ್ತು ದಿನ ಎಲ್ಲರಿಗೂ ನೆನಪಿರುತ್ತದೆ, ಐದು ದಿನ ಮರೆಯುತ್ತದೆ. ಆದ್ದರಿಂದ ಅರ್ಜಿ ಕೈಗೆ ಬಂದ ದಿನವೇ "ಇದು ನಮ್ಮದೇ?" ಎಂಬಷ್ಟನ್ನು ಮಾತ್ರ ಓದಿ ತೀರ್ಮಾನಿಸಿ. ಇನ್ನೊಂದು ಸಕಾಲ ಅರ್ಜಿ, ಅಂದರೆ ಗೊತ್ತುಪಡಿಸಿದ ಗಡುವಿನೊಳಗೆ ಸೇವೆ ಕೊಡಬೇಕೆನ್ನುವ ರಾಜ್ಯದ ಕಾಯ್ದೆಯಡಿ ಬಂದದ್ದು. ಅದಕ್ಕೆ 15 ಅಂಕಿಯ ಸಂಖ್ಯೆ ಇರುತ್ತದೆ, ಗಡುವು ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ವೆಚ್ಚ ಕೊಡಬೇಕಾಗುತ್ತದೆ. ಈ ಎರಡಕ್ಕೂ ಬೇರೆ ಬಣ್ಣದ ಹೊದಿಕೆ ಹಾಕಿ, ಬಂದ ದಿನಾಂಕದ ಬದಲು ಕೊನೆಯ ದಿನಾಂಕವನ್ನು ಕೆಂಪಿನಲ್ಲಿ ದೊಡ್ಡದಾಗಿ ಬರೆಯಿರಿ. ಬಂದ ದಿನಾಂಕ ನೋಡಿ ಲೆಕ್ಕ ಹಾಕುವಷ್ಟು ಪುರುಸೊತ್ತು ಮಧ್ಯಾಹ್ನ ಮೂರು ಗಂಟೆಗೆ ಯಾರಿಗೂ ಇರುವುದಿಲ್ಲ.

ಡ್ರಾಯರಿನ ಮಾತು ಬೇಗ ಮುಗಿಸುತ್ತೇನೆ. ಮೇಲಿನದರಲ್ಲಿ ಮೊಹರು, ಇಂಕ್ ಪ್ಯಾಡ್, ಪಂಚಿಂಗ್ ಮಷೀನ್, ಟ್ಯಾಗ್. ಕೀಲಿ ಹಾಕುವುದು ಕಡ್ಡಾಯ, ಮೊಹರು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗುವುದು ಸಣ್ಣ ತಪ್ಪಲ್ಲ. ಚೀಟಿ ಹಣ, ಪಕ್ಕದವರು ಕೊಟ್ಟ ಸಾಲದ ಹಣ ಡ್ರಾಯರಿನಲ್ಲಿ ಇಡಲೇಬೇಡಿ. ಕೆಲಸಕ್ಕೆ ಬಂದಾಗ ಕೈಯಲ್ಲಿರುವ ಹಣವನ್ನು ನಗದು ಘೋಷಣೆ ವಹಿಯಲ್ಲಿ ಬರೆದಿರುತ್ತೀರಿ. ಅದಕ್ಕಿಂತ ಹೆಚ್ಚು ಸಿಕ್ಕಿದರೆ ಅದು ಎಷ್ಟೇ ನ್ಯಾಯವಾದ ಹಣವಾದರೂ ವಿವರಣೆ ಕೊಡುವ ಪಾಳಿ ನಿಮ್ಮದು. ಮೇಜಿನ ಗಾಜಿನ ಕೆಳಗೆ ಕ್ಯಾಲೆಂಡರ್, ಫೋನ್ ನಂಬರ್ ಪಟ್ಟಿ, ಬಾಕಿ ಪಟ್ಟಿ ಈ ಮೂರು ಹಾಳೆ ಸಾಕು. ಗಾಜಿನ ಕೆಳಗೆ ತೇವ ಸೇರಿದರೆ ಮುದ್ರಿತ ಹಾಳೆ ಗಾಜಿಗೇ ಅಂಟುತ್ತದೆ, ಕಿತ್ತರೆ ಅಕ್ಷರ ಗಾಜಿನ ಮೇಲೆ ಉಳಿಯುತ್ತದೆ. ಮೂಲ ಸುತ್ತೋಲೆಯನ್ನಂತೂ ಅಲ್ಲಿ ಇಡಬಾರದು. ಕಾಫಿ ಲೋಟ, ನೀರಿನ ಬಾಟಲಿ ಕಡತಗಳಿರುವ ಕಡೆ ಬೇಡ, ಪಕ್ಕದ ಸ್ಟೂಲಿನ ಮೇಲೆ.

ಕಡತಗಳನ್ನು ಕಂಪ್ಯೂಟರಿನಲ್ಲೇ ನಡೆಸುವ ಇ-ಆಫೀಸ್ ಬಂದ ಮೇಲೆ ಮೇಜಿನ ಅರ್ಧ ಭಾಗ ಪರದೆಯೊಳಗೆ ಹೋಗಿದೆ, ಅಲ್ಲೂ ಸಂತೆಯೇ. ಹುಡುಕಿದರೆ ಸಿಗದಿರಲು ಮುಖ್ಯ ಕಾರಣ ವಿಷಯದ ಸಾಲು. "ಅರ್ಜಿ ಬಗ್ಗೆ" ಎಂದು ಬರೆದ ಇನ್ನೂರು ಕಡತಗಳಲ್ಲಿ ನಿಮಗೆ ಬೇಕಾದ್ದು ಯಾವುದು? ಗ್ರಾಮ, ಸರ್ವೆ ನಂಬರ್, ಅರ್ಜಿದಾರರ ಹೆಸರು, ಕೋರಿಕೆ ನಾಲ್ಕೂ ಆ ಸಾಲಿನಲ್ಲಿರಬೇಕು. ಟಿಪ್ಪಣಿಯನ್ನು ಮೊದಲು ಪರದೆಯ ಹಳದಿ ಹಾಳೆಯಲ್ಲಿ, ಅಂದರೆ ಕರಡಾಗಿ, ಬರೆದು ಓದಿ. ಹಸಿರು ಟಿಪ್ಪಣಿಯಾಗಿ ಮೇಲಕ್ಕೆ ಹೋದ ಮೇಲೆ ತಿದ್ದಲು ಬರುವುದಿಲ್ಲ. ಡಿಜಿಟಲ್ ಸಹಿಯ ಡಾಂಗಲ್ ಕಂಪ್ಯೂಟರಿಗೆ ಸಿಕ್ಕಿಸಿದ್ದು ಹಾಗೇ ಬಿಟ್ಟು ಏಳಬೇಡಿ. ಆ ಸಹಿ ನಿಮ್ಮ ಕೈಬರಹದ ಸಹಿಯಷ್ಟೇ ನಿಮ್ಮದು.

ವರ್ಷಕ್ಕೊಮ್ಮೆ ಆಯುಧಪೂಜೆಗೆ ಕಚೇರಿ ತೊಳೆಯುತ್ತೇವಲ್ಲ, ಕಡತಗಳಿಗೆ ಅಪಾಯ ಹೆಚ್ಚಿರುವುದು ಅದರ ಹಿಂದಿನ ದಿನ. ಮೇಜು ಖಾಲಿ ಕಾಣಬೇಕೆಂದು ಇದ್ದಬದ್ದ ಕಾಗದವನ್ನೆಲ್ಲ ಒಟ್ಟುಗೂಡಿಸಿ ಕಟ್ಟು ಕಟ್ಟಿ ಬೀರುವಿನ ಮೇಲೆ ಇಡುತ್ತಾರೆ. ಕಟ್ಟಿನಲ್ಲಿ ಏನಿದೆ ಎಂಬ ಪಟ್ಟಿ ಇರುವುದಿಲ್ಲ. ಮುಂದಿನ ವರ್ಷದ ಪೂಜೆಗೆ ಬಿಚ್ಚಿದಾಗ ನಡುವೆ ಒಂದು ಚಾಲ್ತಿ ಅರ್ಜಿ ಸಿಗುತ್ತದೆ. ಪಟ್ಟಿ ಬರೆಯದೆ ಕಟ್ಟು ಕಟ್ಟಬೇಡಿ. ಪಟ್ಟಿಯ ಒಂದು ಪ್ರತಿ ಕಟ್ಟಿನೊಳಗೆ, ಒಂದು ನಿಮ್ಮ ವಹಿಯಲ್ಲಿ. ಅರಿಶಿನ ಕುಂಕುಮವನ್ನು ವಹಿಯ ರಟ್ಟಿಗೆ ಇಡಿ, ಒಳಪುಟಕ್ಕೆ ಬೇಡ.

ದಿನದ ಕೊನೆಗೆ, ಐದೂಕಾಲಿಗೆ, ಹತ್ತು ನಿಮಿಷ ಎತ್ತಿಡಿ. ಬಿಡಿ ಕಾಗದ ಒಂದೂ ಉಳಿದಿಲ್ಲವೇ ನೋಡಿ, ಕಾಯುವ ಸಾಲುಗಳ ಚೀಟಿ ಮೇಲೆ ಕಣ್ಣಾಡಿಸಿ, ನಾಳೆ ಮಂಡಿಸಬೇಕಾದ ಮೂರು ಕಡತ ಆರಿಸಿ ಎಡಗೈ ಪಕ್ಕ ಇಡಿ. ಬೆಳಿಗ್ಗೆ ಬಂದ ಕೂಡಲೇ ಜನ ಸುತ್ತುವರಿಯುತ್ತಾರೆ, ಆಗ ಆರಿಸಲು ಕೂತರೆ ಆಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಮಾತು ಬರುತ್ತದೆ. ಬರಲೇಬೇಕು, ತಿದ್ದುವುದೇ ಮೇಲ್ವಿಚಾರಣೆ. ಅದನ್ನು ಹೇಗೆ ತೆಗೆದುಕೊಳ್ಳಬೇಕು ಎಂಬುದಕ್ಕೂ ಮೇಜಿನಷ್ಟೇ ಕ್ರಮ ಬೇಕು.

ಕರೆದಾಗ ಬರಿಗೈಲಿ ಹೋಗಬೇಡಿ. ಕಡತ, ಪೆನ್ನು, ಒಂದು ಪುಸ್ತಕ ಕೈಯಲ್ಲಿರಲಿ. ಉತ್ತರ "ಇಲ್ಲ ಸಾರ್" ಎಂದು ಶುರುವಾದರೆ ಮುಂದಿನದನ್ನು ಅವರು ಕೇಳಿಸಿಕೊಳ್ಳುವುದಿಲ್ಲ. ಎಲ್ಲಿದೆ, ಯಾವತ್ತಿನಿಂದ, ಏನು ಬಾಕಿ, ಯಾವತ್ತು ಮುಗಿಯುತ್ತದೆ, ಈ ನಾಲ್ಕು ಹೇಳಿದರೆ ಮಾತು ತಣ್ಣಗಾಗುತ್ತದೆ. "ಸಾರ್, ಆರ್‌ಐ ವರದಿಗೆ ಹೋಗಿದೆ, 12ನೇ ತಾರೀಕು ಕಳಿಸಿದ್ದೀವಿ, ಒಂದು ನೆನಪೋಲೆ ಹೋಗಿದೆ, ಶುಕ್ರವಾರ ಅವರು ಮೀಟಿಂಗಿಗೆ ಬರ್ತಾರೆ, ಅವತ್ತೇ ಇಸ್ಕೊಂಡು ಸೋಮವಾರ ಮಂಡಿಸ್ತೀನಿ." "ಅದು ನನ್ನ ವಿಷಯ ಅಲ್ಲ ಸಾರ್" ಎನ್ನುವುದು ನಿಜವಿದ್ದರೂ ಅರ್ಧ ಉತ್ತರ. ಯಾರ ಮೇಜಿನದು ಎಂದು ಹೇಳಿ, ಸಾಧ್ಯವಾದರೆ ನೀವೇ ಹೋಗಿ ಕೇಳಿಕೊಂಡು ಬನ್ನಿ.

ಜನರ ಮುಂದೆ ಕೂಗಾಡಿದರೆ ಆಗ ವಾದ ಬೇಡ. ಮಾತಿಗೆ ಮಾತು ಬೆಳೆದರೆ ಇಬ್ಬರೂ ಹಿಂದೆ ಸರಿಯಲಾರದ ಸ್ಥಿತಿಗೆ ಬರುತ್ತಾರೆ. ಆದರೆ ನುಂಗಿಕೊಂಡು ಸುಮ್ಮನಿರುವುದನ್ನೂ ನಾನು ಒಪ್ಪುವುದಿಲ್ಲ. ಅದೇ ಸಂಜೆ ಜನ ಕರಗಿದ ಮೇಲೆ, ಅವರು ಕೇಳಿದ್ದ ಕಡತ ಸಿದ್ಧ ಮಾಡಿಕೊಂಡು ಹೋಗಿ: "ಸಾರ್, ಬೆಳಿಗ್ಗೆ ಕೇಳಿದ್ದ ಫೈಲ್ ಮಂಡಿಸಿದ್ದೀನಿ. ತಪ್ಪಾದ್ರೆ ಒಳಗೆ ಕರೆದು ಹೇಳಿ ಸಾರ್, ಜನರ ಮುಂದೆ ಅಂದ್ರೆ ನಾಳೆ ಅವರು ನನ್ನ ಮಾತು ಕೇಳಲ್ಲ." ಕೆಲಸ ಮುಗಿಸಿ ಕೈಯಲ್ಲಿ ಹಿಡಿದು ಹೇಳಿದ ಮಾತಿಗೆ ತೂಕವಿರುತ್ತದೆ. ಬರಿಗೈಲಿ ಹೇಳಿದರೆ ಅದು ಮುನಿಸಾಗಿ ಕೇಳುತ್ತದೆ.

ಕರಡಿನಲ್ಲಿ ಮಾಡುವ ತಿದ್ದುಪಡಿ ಎಲ್ಲಕ್ಕಿಂತ ಉಪಯುಕ್ತವಾದ ಟೀಕೆ, ಅದನ್ನೇ ನಾವು ಹೆಚ್ಚು ಕಡೆಗಣಿಸುವುದು. ತಿದ್ದಿದ ಕರಡನ್ನು ಟೈಪ್ ಮಾಡಿ ಎಸೆಯುವ ಮುಂಚೆ, ಏನನ್ನು ತಿದ್ದಿದರು ಎಂದು ಒಂದು ಪುಸ್ತಕದಲ್ಲಿ ಒಂದು ಸಾಲು ಬರೆದಿಡಿ. ಎರಡು ತಿಂಗಳಾದ ಮೇಲೆ ನೋಡಿದರೆ ಮರುಕಳಿಸುವ ತಪ್ಪು ಮೂರೋ ನಾಲ್ಕೋ ಇರುತ್ತವೆ: ಸರ್ವೆ ನಂಬರಿನ ಹಿಸ್ಸಾ (ಉಪಸಂಖ್ಯೆ) ಬಿಟ್ಟುಹೋಗಿರುವುದು, ತಂದೆಯ ಹೆಸರಿನ ಬದಲು ಗಂಡನ ಹೆಸರು, ಉಲ್ಲೇಖದ ದಿನಾಂಕ ತಪ್ಪು, ವಿಸ್ತೀರ್ಣ ತಪ್ಪು. ವಿಸ್ತೀರ್ಣದ ತಪ್ಪಿಗೆ ಒಂದು ಸುಲಭ ಪರೀಕ್ಷೆ ಇದೆ. ಎಕರೆಗೆ 40 ಗುಂಟೆ. ಗುಂಟೆಯ ಜಾಗದಲ್ಲಿ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಉದಾಹರಣೆಗೆ 1 ಎಕರೆ 45 ಗುಂಟೆ, ಅದು ದಶಮಾಂಶದ ಲೆಕ್ಕದಲ್ಲಿ ಕೂಡಿದ್ದು. 1 ಎಕರೆ 25 ಗುಂಟೆಗೆ 20 ಗುಂಟೆ ಕೂಡಿದರೆ 2 ಎಕರೆ 5 ಗುಂಟೆ. ಈ ಒಂದು ತಪ್ಪು ಪಹಣಿಗೆ ಹೋದರೆ ಅದನ್ನು ಸರಿಪಡಿಸಲು ರೈತರು ವರ್ಷಗಟ್ಟಲೆ ಅಲೆಯುತ್ತಾರೆ. ಶಿರಸ್ತೇದಾರರು ಸಿಟ್ಟಾಗುವುದು ಅದಕ್ಕೇ, ಆ ಸಿಟ್ಟು ಸರಿಯಾದದ್ದು.

ಟಿಪ್ಪಣಿಯ ಕೆಳಗೆ "ಚರ್ಚಿಸಿ" ಎಂದು ಷರಾ ಬಂದರೆ ಅದನ್ನು ಬೈಗುಳ ಅಂದುಕೊಂಡು ಕಡತವನ್ನು ಬದಿಗಿಡುವವರಿದ್ದಾರೆ. ಆ ಕಡತ ಅಲ್ಲಿಯೇ ಸಾಯುತ್ತದೆ. ಅದೇ ದಿನ ಕಡತ ಹಿಡಿದು ಹೋಗಿ ಮಾತಾಡಿ, ವಾಪಸ್ ಬಂದು ಮುಂದಿನ ಕಂಡಿಕೆಯಲ್ಲಿ "ದಿನಾಂಕ ಇಂತಹದರಂದು ಚರ್ಚಿಸಿದಂತೆ" ಎಂದು ಶುರು ಮಾಡಿ ಏನು ತೀರ್ಮಾನವಾಯಿತೋ ಅದನ್ನು ಬರೆದು ಮತ್ತೆ ಮಂಡಿಸಿ. ಬಾಯಿಮಾತಿನಲ್ಲಿ ಬಂದ ಪ್ರತಿಯೊಂದು ಸೂಚನೆಗೂ ಇದೇ ಮಾರ್ಗ. ಬರೆಯದ ಸೂಚನೆಗೆ ಆಮೇಲೆ ಸಾಕ್ಷಿ ಇಲ್ಲ.

ಈಗ ಮೆಮೊ, ಅಂದರೆ ಮೇಲಿನವರು ಲಿಖಿತವಾಗಿ ಕೊಡುವ ಜ್ಞಾಪನ. ಮೆಮೊ ಕೈಗೆ ಬಂದಾಗ ಕೈ ನಡುಗುವುದು ಸಹಜ. ಮೊದಲು ಓದಬೇಕಾದದ್ದು ಅದರಲ್ಲಿ ನಿಯಮದ ಉಲ್ಲೇಖ ಇದೆಯೇ ಎಂಬುದನ್ನು. ಬರೀ "ವಿಳಂಬಕ್ಕೆ ಕಾರಣ ನೀಡಿ" ಎಂದಿದ್ದರೆ ಅದು ಸಮಜಾಯಿಷಿ ಕೇಳುವ ಪತ್ರ, ಶಿಕ್ಷೆಯಲ್ಲ. ಕರ್ನಾಟಕ ನಾಗರಿಕ ಸೇವಾ (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು, 1957ರ 12ನೇ ನಿಯಮ ಎಂದಿದ್ದರೆ ಲಘು ದಂಡನೆಯ ಪ್ರಕ್ರಿಯೆ, 11ನೇ ನಿಯಮ ಎಂದಿದ್ದರೆ ಇಲಾಖಾ ವಿಚಾರಣೆ. ಆಗ ಸೇವಾ ನಿಯಮ ಬಲ್ಲ ಹಿರಿಯರನ್ನು ಕೇಳದೆ ಒಂದು ಸಾಲನ್ನೂ ಬರೆಯಬೇಡಿ. ಸಾಮಾನ್ಯ ಮೆಮೊಗೆ ನೀವೇ ಉತ್ತರ ಬರೆಯಬಹುದು, ಕೊಟ್ಟ ಗಡುವಿನೊಳಗೆ. ಹೆಚ್ಚಿನವರು ಬರೆಯುವುದು ಹೀಗೆ: "ಕೆಲಸದ ಒತ್ತಡ ಹಾಗೂ ಸಿಬ್ಬಂದಿ ಕೊರತೆಯಿಂದ ವಿಳಂಬವಾಗಿರುತ್ತದೆ, ದಯವಿಟ್ಟು ಮನ್ನಿಸಬೇಕಾಗಿ ಕೋರಿಕೆ." ಇದರಲ್ಲಿ ಒಂದು ದಿನಾಂಕವೂ ಇಲ್ಲ, ಇಡೀ ವಿಳಂಬವನ್ನು ತಾವೇ ಹೊತ್ತುಕೊಂಡಂತಾಯಿತು. ಹೀಗೆ ಬರೆದು ನೋಡಿ:

"ಸದರಿ ಅರ್ಜಿಯು 03-06ರಂದು ಶಾಖೆಯಲ್ಲಿ ಸ್ವೀಕೃತವಾಗಿದ್ದು, 05-06ರಂದು ರಾಜಸ್ವ ನಿರೀಕ್ಷಕರ ವರದಿ ಕೋರಲಾಗಿರುತ್ತದೆ (ಪತ್ರ ಭಾಗ ಪುಟ 7). 20-06ರಂದು ನೆನಪೋಲೆ ನೀಡಲಾಗಿರುತ್ತದೆ (ಪುಟ 9). ವರದಿಯು 04-07ರಂದು ಸ್ವೀಕೃತವಾಗಿದ್ದು, ಕಡತವನ್ನು 12-07ರಂದು ಮಂಡಿಸಲಾಗಿದೆ. ವರದಿ ಬಂದ ನಂತರದ ಎಂಟು ದಿನಗಳ ವಿಳಂಬವು ನನ್ನಿಂದ ಆಗಿರುತ್ತದೆ. ಇನ್ನು ಮುಂದೆ ವರದಿ ಸ್ವೀಕೃತವಾದ ಎರಡು ಕೆಲಸದ ದಿನಗಳೊಳಗೆ ಮಂಡಿಸಲು ಕ್ರಮ ವಹಿಸುತ್ತೇನೆ."

ಮೆಮೊದಲ್ಲಿದ್ದದ್ದು 39 ದಿನದ ವಿಳಂಬ, ಉತ್ತರದಲ್ಲಿ ನಿಮ್ಮ ಪಾಲಿಗೆ ಉಳಿದದ್ದು ಎಂಟು. ಆ ಎಂಟನ್ನು ಒಪ್ಪಿಕೊಂಡಿದ್ದರಿಂದಲೇ ಉಳಿದ ಮೂವತ್ತೊಂದರ ಮಾತು ನಂಬಿಕೆಗೆ ಬರುತ್ತದೆ. ಆರ್‌ಐ ಮೇಲೆ ದೂರಿಲ್ಲ, ದಿನಾಂಕ ಮಾತ್ರ ಇದೆ. ಈ ಉತ್ತರ ಬರೆಯಲು ಅರ್ಧ ಗಂಟೆ ಸಾಕು, ಪುಟಸಂಖ್ಯೆ ಹಾಕಿದ್ದರೆ, ನೆನಪೋಲೆಯ ಪ್ರತಿ ಟ್ಯಾಗಿನಲ್ಲಿದ್ದರೆ. ಇಲ್ಲದಿದ್ದರೆ ನಿಜ ನಿಮ್ಮ ಕಡೆ ಇದ್ದೂ ತೋರಿಸಲಾಗುವುದಿಲ್ಲ. ಉತ್ತರವನ್ನು ಕೈಗೆ ಕೊಟ್ಟು ಬರಬೇಡಿ. ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ.

ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಬರುವ ಷರಾ ಗುಟ್ಟಾಗಿ ಉಳಿಯಬೇಕಿಲ್ಲ. ದೇವ್ ದತ್ ಪ್ರಕರಣದಲ್ಲಿ 2008ರಲ್ಲಿ, ಸುಖದೇವ್ ಸಿಂಗ್ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದ್ದಿರಲಿ ಪ್ರತಿ ನಮೂದನ್ನೂ ನೌಕರರಿಗೆ ತಿಳಿಸಬೇಕು ಎಂದಿದೆ. ಕೇಳಿ ಪಡೆಯಿರಿ, ಒಪ್ಪದಿದ್ದರೆ ದಿನಾಂಕ, ಕಡತ ಸಂಖ್ಯೆ ಸಮೇತ ಮನವಿ ಕೊಡಿ.

ಜಾತಿ ಹಿಡಿದು ಬೈಯುವುದು, ಹೆಣ್ಣುಮಕ್ಕಳ ಬಗ್ಗೆ ಅಸಭ್ಯ ಮಾತು ಟೀಕೆಯಲ್ಲ, ಅದನ್ನು ಮೇಲೆ ಹೇಳಿದ ಯಾವ ಉಪಾಯದಿಂದಲೂ ನಿಭಾಯಿಸಲು ಹೋಗಬೇಡಿ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಂತೆ ಹತ್ತು ಜನರಿಗಿಂತ ಕಡಿಮೆಯಿಲ್ಲದ ಪ್ರತಿ ಕಚೇರಿಯಲ್ಲೂ ಆಂತರಿಕ ಸಮಿತಿ ಇರಬೇಕು, ದೂರನ್ನು ಮೂರು ತಿಂಗಳೊಳಗೆ ಲಿಖಿತವಾಗಿ ಕೊಡಬೇಕು.

ಕೊನೆಗೆ ವರ್ಗಾವಣೆ. ಆದೇಶ ಬಂದು ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಬೀರುವಿನ ಕೀಲಿ ಕೊಟ್ಟು ಹೊರಡುತ್ತಾರೆ. ಎರಡು ವರ್ಷದ ನಂತರ ಹೊಸ ಕಚೇರಿಗೆ ಪತ್ರ ಬರುತ್ತದೆ: ಇಂತಹ ಕಡತ ತಮ್ಮ ಅವಧಿಯದು, ಹಾಜರುಪಡಿಸಿ. ಹೊರಡುವ ಮುಂಚೆ ಪ್ರಭಾರ ಪಟ್ಟಿ ಮಾಡಿ: ಚಾಲ್ತಿ ಕಡತ, ಮುಕ್ತಾಯದ ಕಡತ, ವಹಿಗಳು, ಮೊಹರು, ಕೀಲಿ, ಪ್ರತಿಯೊಂದಕ್ಕೂ ಸಂಖ್ಯೆ. ಬೇರೆ ಶಾಖೆಗೆ ಹೋಗಿರುವ ಕಡತಗಳನ್ನು "ಇಲ್ಲಿ ಇಲ್ಲ, ಸರ್ವೆ ಶಾಖೆಯಲ್ಲಿದೆ, ದಿನಾಂಕ ಇಂತಹದು" ಎಂದು ಬೇರೆಯಾಗಿಯೇ ಬರೆಯಿರಿ. ಎರಡು ಪ್ರತಿ, ಪ್ರತಿ ಪುಟಕ್ಕೂ ಕೊಟ್ಟವರ, ತೆಗೆದುಕೊಂಡವರ ಸಹಿ. ಒಂದು ಪ್ರತಿ ಕಚೇರಿಗೆ, ಇನ್ನೊಂದು ನಿಮ್ಮ ಮನೆಯ ಬೀರುವಿಗೆ.